ಒತ್ತಿದ್ರೆ ನೋಯತ್ತಾ?

ನೈರೋಬಿಯ ಕನ್ನಡಿಗರಲ್ಲಿ ಯಾರಿಗೆ ಗಂಟಲು ಕೆಟ್ಟರೂ ಮೊದಲ ಫೋನು ಹೋಗುತ್ತಿದ್ದುದು ಡಾಕ್ಟರಿಗಲ್ಲ, ವಿನೋದಿನಿಗೆ. ಕಾರ್ಖಾನೆಗಳ ಮ್ಯಾನೇಜರುಗಳು, ಎಂಜಿನಿಯರುಗಳು, ದೊಡ್ಡ ದೊಡ್ಡ ಸಂಸ್ಥೆಗಳ ಬಿಳಿ ಕಾರಿನಲ್ಲಿ ಓಡಾಡುವವರು, ಎಲ್ಲರೂ ಅವಳ ಮುಂದೆ ಬಾಯಿ ತೆರೆದು 'ಆ' ಎಂದವರೇ. ರಿವರ್‌ಸೈಡಿನ ಅವರ ಕಂಪನಿ ಫ್ಲಾಟಿನ ಅಡುಗೆಮನೆ ಕಿಟಕಿಯಲ್ಲಿ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಅಲ್ಲೊಂದು ಸ್ಟೂಲು. ಬಂದವರನ್ನು ಅದರ ಮೇಲೆ ಕೂರಿಸಿ, ಚಮಚದ ಹಿಡಿಯಿಂದ ನಾಲಿಗೆ ಅದುಮಿ, ಟಾರ್ಚು ಬಿಟ್ಟು ನೋಡಿ, ಅವಳು ಮೊದಲು ಬೈಯುತ್ತಿದ್ದಳು. "ವಾರದಿಂದ ನೋಯ್ತಿದೆ ಅಂತೀರಿ, ಇವತ್ತು ಬರ್ತಿದೀರಿ. ಬುದ್ಧಿ ಬೇಡ್ವಾ ನಿಮಗೆ?" ಬೈದಾದ ಮೇಲೆ ಉಪಚಾರ. ಬೈಸಿಕೊಂಡವರು ಅರ್ಧ ವಾಸಿಯಾದವರ ಹಾಗೆ ನಗುತ್ತಾ ಮನೆಗೆ ಹೋಗುತ್ತಿದ್ದರು.

ಮೈಸೂರಿನ ಒಂದು ಆಸ್ಪತ್ರೆಯ ಕಿವಿ, ಮೂಗು, ಗಂಟಲಿನ ವಾರ್ಡಿನಲ್ಲಿ ಅವಳು ಹತ್ತಾರು ವರ್ಷ ದುಡಿದಿದ್ದಳು. ನರ್ಸ್ ಸೊಸೆ ಬೇಡವೆಂದು ಮದುವೆಯಲ್ಲಿ ಮುಖ ಊದಿಸಿಕೊಂಡಿದ್ದ ಅತ್ತೆ, ಕೊನೆಗಾಲದಲ್ಲಿ ಬೇರೆ ಯಾರ ಕೈಯಿಂದಲೂ ಗುಟುಕು ನೀರು ಕುಡಿಯದೆ "ವಿನೋದಿನೀನ ಕರೀರಿ" ಎಂದು ಹಟ ಹಿಡಿದಿದ್ದರು. ಅವಳ ಬದುಕಿನಲ್ಲಿ ಸಿಕ್ಕ ಬಿರುದು ಅದೊಂದೇ. ಆಮೇಲೆ ಗಂಡ ಕೃಷ್ಣಪ್ರಸಾದನಿಗೆ ನೈರೋಬಿಯಲ್ಲಿ ಗುಜರಾತಿಗಳ ಔಷಧ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥನ ಕೆಲಸ ಸಿಕ್ಕಿತು. ಮಗಳು ಚಿನ್ಮಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಅವಳೂ ವಿಮಾನ ಹತ್ತಿದಳು. ಗಂಡನ ಬೆನ್ನಿಗೆ ಬಂದ ಹೆಂಡತಿಗೆ ಕೊಡುವ ಪಾಸಿನಲ್ಲಿ ಕೆಲಸ ಮಾಡುವಂತಿಲ್ಲ. ಇಲ್ಲಿನ ನೋಂದಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಅಲೆದು, ಒಂದು ದಿನ ಬಿಳಿ ಬೂಟುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು.

ಹಾಕಿದಳು ಎಂದು ಬರೆಯುವುದು ಎಷ್ಟು ಸುಲಭ! ಬೆಳಗ್ಗೆ ಗಂಡ ಕಾರ್ಖಾನೆಗೆ, ಮಗಳು ಶಾಲೆಗೆ. ಗುಡಿಸಿ ಒರೆಸುವುದಕ್ಕೆ, ಬಟ್ಟೆ ಒಗೆಯುವುದಕ್ಕೆ ಮನೆಗೆಲಸದ ಮರ್ಸಿ ಇದ್ದಳು. ಒಂದೇ ಪಾಳಿಯಲ್ಲಿ ಮೂವತ್ತು ಹಾಸಿಗೆ ನೋಡಿಕೊಂಡ ಹೆಂಗಸು ಸೋಫಾದ ಮೇಲೆ ಕೂತು ಟೀವಿಯಲ್ಲಿ ಹಿಂದಿ ಅತ್ತೆ ಸೊಸೆಯರ ಜಗಳ ನೋಡಬೇಕಾಯಿತು. ಅವಳಿಗೆ ಹುಚ್ಚು ಹಿಡಿಯಲಿಲ್ಲ ಎಂದರೆ ಅದಕ್ಕೆ ಆ ಸ್ಟೂಲೇ ಕಾರಣ. ಬಿಳಿ ಬೂಟು ಇಲ್ಲದಿದ್ದರೂ ಆ ಕಿಟಕಿಯ ಹತ್ತಿರ ಅವಳು ಮತ್ತೆ ಸಿಸ್ಟರ್ ಆಗುತ್ತಿದ್ದಳು.

ಅವಳಿಗೆ ಕೆಲಸ ಕಲಿಸಿದವರು ಫಿಲೋಮಿನಾ ಸಿಸ್ಟರ್. ಕಟ್ಟುನಿಟ್ಟಿನ ಹೆಂಗಸು. ಗಂಟಲಿನ ರೋಗಿಗೆ ನೋವಿಗಿಂತ ಮುಂದಿನ ಗುಟುಕಿನ ಭಯವೇ ದೊಡ್ಡದು, ಆದ್ದರಿಂದ ನೋವಿನ ಮಾತ್ರೆಯನ್ನು ಊಟವಾದ ಮೇಲಲ್ಲ, ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡಬೇಕು ಎಂದು ಅವರು ಹೇಳುತ್ತಿದ್ದರು. ಇನ್ನೊಂದು ಪಾಠ ಕುತ್ತಿಗೆಯದು. ದವಡೆಯ ಕೆಳಗೆ ಗಂಟು ಸಿಕ್ಕರೆ ಮೆಲ್ಲಗೆ ಒತ್ತಿ, ನೋಯುತ್ತದೆಯೇ ಎಂದು ಕೇಳು. ನೋಯುತ್ತದೆ ಎಂದರೆ ಅದು ಗಂಟಲಿನ ಕೀವಿಗೆ ಊದಿಕೊಂಡದ್ದು, ಗಂಟಲು ಇಳಿದರೆ ಅದೂ ಇಳಿಯುತ್ತದೆ. ನೋಯುವುದಿಲ್ಲ ಎಂದರೆ, ದಿನ ಕಳೆದರೂ ಅಲ್ಲೇ ಇದ್ದರೆ, ಅಲ್ಲಿಗೆ ನಿನ್ನ ಕೆಲಸ ಮುಗಿಯಿತು, ಓಡಿಹೋಗಿ ಡಾಕ್ಟರನ್ನು ಕರೆ. ವಿನೋದಿನಿ ಈ ಎರಡನ್ನೂ ಮರೆತವಳಲ್ಲ. ಮರೆತಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಎರಡು ಸಾವಿರದ ಆರನೆಯ ಇಸವಿಯ ಯುಗಾದಿ. ಕನ್ನಡಿಗರೆಲ್ಲ ಸೇರಿ ಒಂದು ಸಭಾಂಗಣದಲ್ಲಿ ಒಬ್ಬಟ್ಟಿನ ಊಟ ಇಟ್ಟುಕೊಂಡಿದ್ದರು. ಕೃಷ್ಣಪ್ರಸಾದ ಪಂಚೆ ಮೇಲೆ ಕಟ್ಟಿ ಎಲ್ಲರಿಗೂ ಬಡಿಸಿದ, ತಾನು ಮಾತ್ರ ಎಲೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಮಾತು ಕಡಿಮೆಯ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಯಾರಾದರೂ ಚಪ್ಪೆ ಕಾಫಿ ಕೊಟ್ಟರೂ "ಚೆನ್ನಾಗಿದೆ" ಎಂದೇ ಕುಡಿಯುವವನು. ಅವನಿಗಿದ್ದ ಚಟ ಒಂದೇ, ಊಟವಾದ ಮೇಲೆ ಪಾರ್ಕ್‌ಲ್ಯಾಂಡ್ಸಿನ ಅಂಗಡಿಯಿಂದ ತಂದ ಜರ್ದಾ ಪಾನು. ಅದಕ್ಕಾಗಿ ವಿನೋದಿನಿ ಮೊದಮೊದಲು ಜಗಳವಾಡಿ, ಆಮೇಲೆ ಸುಸ್ತಾಗಿ ಬಿಟ್ಟುಬಿಟ್ಟಿದ್ದಳು. ಆವತ್ತು ಪಾನೂ ಬೇಡವೆಂದ. ಮನೆಗೆ ಬರುವಷ್ಟರಲ್ಲಿ ಮೈ ಕೆಂಡ.

ಸ್ಟೂಲಿನ ಮೇಲೆ ಕೂರಿಸಿ ನೋಡಿದಳು. ಟಾನ್ಸಿಲ್ ಎರಡೂ ಕೆಂಪಗೆ ಊದಿದ್ದವು, ಬಲಗಡೆಯದು ಇನ್ನೂ ದಪ್ಪ, ಮೇಲೆ ಬಿಳಿ ಬಿಳಿ ಚುಕ್ಕೆ. ದವಡೆಯ ಕೆಳಗೆ ಬೆರಳಿಟ್ಟಳು. "ಒತ್ತಿದ್ರೆ ನೋಯತ್ತಾ?"

"ಅಯ್ಯೋ, ಮೆಲ್ಲಗೆ ಕಣೇ!" ಎಂದು ಅವನು ಹಾರಿಬಿದ್ದ.

"ಸರಿ, ಟಾನ್ಸಿಲೈಟಿಸ್. ಐವತ್ತು ದಾಟಿದ ಮೇಲೆ ಮಕ್ಕಳ ಕಾಯಿಲೆ ನಿಮಗೆ," ಎಂದು ನಕ್ಕಳು. ಆವತ್ತಿಗೆ ಅದು ಸುಳ್ಳಾಗಿರಲಿಲ್ಲ.

ಔಷಧಕ್ಕೆ ಹೊರಗೆ ಹೋಗಬೇಕಾಗಿರಲಿಲ್ಲ. ಇಂಥ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇದ್ದೇ ಇರುತ್ತದೆ. ಆಂಟಿಬಯಾಟಿಕ್, ನೋವಿನ ಮಾತ್ರೆ, ಜ್ವರದ ಸಿರಪ್ಪು, ಎಲ್ಲ ಸ್ಯಾಂಪಲ್ಲುಗಳು. ಹೆಂಡತಿ ನರ್ಸು, ಗಂಡ ಔಷಧ ಮಾಡುವವನು, ಮಧ್ಯೆ ಡಾಕ್ಟರಿಗೇನು ಕೆಲಸ ಎಂದು ಸ್ನೇಹಿತರು ತಮಾಷೆ ಮಾಡುತ್ತಿದ್ದರು. ಬಂದು ಎಂಟು ವರ್ಷವಾಗಿದ್ದರೂ ಆ ಮನೆಯವರು ಡಾಕ್ಟರ ಹತ್ತಿರ ಹೋಗಿದ್ದು ಯಾವುದೋ ಸಹಿಗೋ ಲಸಿಕೆಗೋ ಅಷ್ಟೆ.

ವಿನೋದಿನಿ ಸೆರಗು ಸಿಕ್ಕಿಸಿ ನಿಂತಳು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ, ಖಾರ ಇಲ್ಲ, ಹುಳಿ ಇಲ್ಲ, ಬಿಸಿಬಿಸಿ ಯಾವುದೂ ಇಲ್ಲ. ಕೋಕಿಲಾ ಎಂಬ ಗೆಳತಿ ರುಂಡಾ ಬಡಾವಣೆಯಿಂದ ಡ್ರೈವರ್ ಕೈಯಲ್ಲಿ ಮೆಣಸು ಶುಂಠಿಯ ಕಷಾಯ ಕಳಿಸಿದ್ದಳು. ವಿನೋದಿನಿ ಅದನ್ನು ಅವನೆದುರಿಗೇ ಸಿಂಕಿಗೆ ಸುರಿದಳು. "ಹುಣ್ಣಿನ ಮೇಲೆ ಮೆಣಸು ಸುರೀತಾರಂತೆ," ಎಂದು ಗೊಣಗಿದಳು. ಮರ್ಸಿ ಮಾರುಕಟ್ಟೆಯಿಂದ 'ವಿಂಬಿ' ತಂದಳು, ನಮ್ಮ ರಾಗಿಯೇ. ಅದರಿಂದ ಆಕೆ ತನ್ನ ಊರಿನ ಉಜಿ ಎಂಬ ಗಂಜಿ ಕಾಯಿಸುತ್ತಿದ್ದಳು. ವಿನೋದಿನಿ ಅದನ್ನು ಬಟ್ಟೆಯಲ್ಲಿ ಸೋಸಿ, ಹಾಲು ಬೆರೆಸಿ, ಪೂರ್ತಿ ತಣ್ಣಗಾಗಿಸಿ ಕುಡಿಸಿದಳು. ಬೆಣ್ಣೆಹಣ್ಣಿಗಂತೂ ಇಲ್ಲಿ ಬರವಿಲ್ಲ. ತಿರುಳನ್ನು ಹಾಲು ಬೆಲ್ಲದ ಜೊತೆ ಮಿಕ್ಸಿಗೆ ಹಾಕಿದರೆ ನುಂಗುವ ಕಷ್ಟವೇ ಇಲ್ಲದೆ ಜಾರುತ್ತಿತ್ತು.

"ಗಲ್ಲ ತಗ್ಗಿಸಿ. ಈಗ ನುಂಗಿ. ಸ್ವಲ್ಪ ಸ್ವಲ್ಪ, ಅವಸರ ಬೇಡ," ಎಂದು ಎದುರಿಗೆ ಕೂತು ಗುಟುಕು ಗುಟುಕಿಗೂ ಹೇಳುತ್ತಿದ್ದಳು. ಗಂಟಲಮಣಿ ಮೇಲಕ್ಕೆ ಹೋಗಿ ಕೆಳಗೆ ಬಂತೆಂದರೆ ಅವಳಿಗೂ ಉಸಿರು ಬಂದ ಹಾಗೆ.

ವಾರ ಕಳೆಯುವಷ್ಟರಲ್ಲಿ ಜ್ವರ ಇಳಿಯಿತು, ಅವನು ಕೆಲಸಕ್ಕೆ ಹೋದ. ಹೋಗುವ ಮೊದಲು ಬಾಗಿಲಲ್ಲಿ ನಿಂತು, "ಮೈಸೂರಲ್ಲಿ ನಿನ್ನ ವಾರ್ಡಲ್ಲಿ ಇದ್ದೋರು ಪುಣ್ಯವಂತರು ಕಣೆ ವಿನು," ಎಂದ. ಅಷ್ಟು ವರ್ಷದ ದಾಂಪತ್ಯದಲ್ಲಿ ಅವನು ಅವಳ ಕೆಲಸದ ಬಗ್ಗೆ ಆಡಿದ ಮೊದಲ ಮಾತು ಅದು. ಅವಳು ಇಡೀ ದಿನ ಹಾಡು ಗುನುಗುತ್ತಾ ಇದ್ದುದನ್ನು ನೋಡಿ ಮರ್ಸಿಗೂ ನಗು ಬಂತು.

ಮೇ ತಿಂಗಳಲ್ಲಿ ಗಂಟಲು ಮತ್ತೆ ಹಿಡಿಯಿತು. ಈ ಸಲ ಜ್ವರ ಇರಲಿಲ್ಲ. ಬಲಗಡೆ ಮಾತ್ರ ನೋವು, ನುಂಗಿದರೆ ಕಿವಿಯವರೆಗೂ ಚುಚ್ಚುತ್ತಿತ್ತು. ಗಂಟಲಿನ ನೋವು ಕಿವಿಗೆ ಬರುವುದು ಹೊಸದೇನಲ್ಲ, ವಾರ್ಡಿನಲ್ಲಿ ನೂರು ಸಲ ಕಂಡಿದ್ದಳು. ಹಿಂದಿನದು ಸರಿಯಾಗಿ ಹೋಗಿಲ್ಲ ಎಂದು ಪೆಟ್ಟಿಗೆಯಿಂದ ಸ್ವಲ್ಪ ಜೋರಿನ ಔಷಧ ತೆಗೆದಳು. ಜೂನಿನಲ್ಲಿ ಅದೂ ಮುಗಿಯಿತು, ನೋವು ಉಳಿಯಿತು. ನೈರೋಬಿಯಲ್ಲಿ ಜೂನ್ ಜುಲೈ ಎಂದರೆ ಬಿಸಿಲು ಕಾಣದ ಚಳಿ, ಊರಿಗೆ ಊರೇ ಕೆಮ್ಮುತ್ತಿರುತ್ತದೆ. ಇದೂ ಅದರದ್ದೇ ಎಂದುಕೊಂಡಳು.

ಆ ದಿನಗಳಲ್ಲೇ ಒಂದು ಭಾನುವಾರ ಬೆಳಗ್ಗೆ ಸ್ಟೂಲಿನ ಮೇಲೆ ಕೂರಿಸಿ ಬಲಗಡೆ ದವಡೆಯ ಕೆಳಗೆ ಬೆರಳಿಟ್ಟಳು. ಗಂಟು ಸಿಕ್ಕಿತು. ಹಿಂದಿಗಿಂತ ಗಟ್ಟಿ.

"ಒತ್ತಿದ್ರೆ ನೋಯತ್ತಾ?"

"ಇಲ್ಲ," ಎಂದ ಕೃಷ್ಣಪ್ರಸಾದ ಹಗುರವಾಗಿ.

ಅವಳ ಬೆರಳು ಅಲ್ಲೇ ನಿಂತಿತು. ಕೈ ತಣ್ಣಗಾದದ್ದು ಅವನ ಕುತ್ತಿಗೆಗೂ ತಿಳಿದಿರಬೇಕು. "ಸರಿಯಾಗಿ ಹೇಳಿ. ಇಲ್ಲಿ? ಇಲ್ಲಿ ಒತ್ತಿದ್ರೂ ಇಲ್ವಾ?" ಎಂದು ಇನ್ನೊಮ್ಮೆ ಒತ್ತಿದಳು.

ಅವನು ಅವಳ ಮುಖವನ್ನೇ ನೋಡಿದ. "ಹಾಂ... ಹಾಂ, ನೋಯತ್ತೆ. ಈಗ ಒತ್ತಿದ್ಯಲ್ಲ, ಅಲ್ಲಿ ನೋಯತ್ತೆ."

"ಮೊದಲೇ ಹೇಳಕ್ಕೇನು ನಿಮಗೆ? ಜೀವ ಬಾಯಿಗೆ ಬಂದಿತ್ತು," ಎಂದು ಅವಳು ಅವನ ಭುಜಕ್ಕೆ ಒಂದು ಏಟು ಕೊಟ್ಟಳು. ಮುಖಕ್ಕೆ ಬಣ್ಣ ಬಂತು. ಆಮೇಲೆ ದಿನವೂ ಸ್ನಾನಕ್ಕೆ ಮುಂಚೆ ಒತ್ತಿ ಕೇಳುವುದು ಪದ್ಧತಿಯಾಯಿತು. ದಿನವೂ ಅವನು ನೋಯುತ್ತದೆ ಎನ್ನುತ್ತಿದ್ದ, ಅವಳು ನಿಶ್ಚಿಂತೆಯಿಂದ ಉಜಿ ಸೋಸಲು ಹೋಗುತ್ತಿದ್ದಳು.

ಉಪಚಾರ ದಿನದಿಂದ ದಿನಕ್ಕೆ ಹದವಾಗುತ್ತಾ ಹೋಯಿತು. ಚಪಾತಿ ಆಗದು ಎಂದಾಗ ಅನ್ನ, ಅನ್ನ ಆಗದು ಎಂದಾಗ ಮಸೆದ ಅನ್ನ, ಅದೂ ಚುಚ್ಚುತ್ತದೆ ಎಂದಾಗ ಸಬ್ಬಕ್ಕಿ ಗಂಜಿ. ತೀರಾ ತೆಳ್ಳಗಿದ್ದರೆ ಕೆಮ್ಮು ಬರುತ್ತದೆ ಎಂದು ಗೊತ್ತಾದ ಮೇಲೆ ಚಮಚದಿಂದ ಮೆಲ್ಲಗೆ ಇಳಿಯುವಷ್ಟು ಮಂದ ಮಾಡಿದಳು. ಎಡಗಡೆಗೆ ತಲೆ ವಾಲಿಸಿ ನುಂಗುವುದನ್ನು ಕಲಿಸಿದಳು. ಕಾರ್ಖಾನೆಗೆ ಎರಡು ಫ್ಲಾಸ್ಕು ಕಳಿಸಿ, ಹನ್ನೆರಡೂವರೆಗೆ ಫೋನು ಮಾಡಿ "ಮಾತ್ರೆ ತಗೊಂಡ್ರಾ?" ಎಂದು ಕೇಳುತ್ತಿದ್ದಳು, ಒಂದು ಗಂಟೆಗೆ ಅವನು ನೋವಿಲ್ಲದೆ ಉಣ್ಣುತ್ತಿದ್ದ. ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ಅವನ ತೂಕ ಒಂದಿಷ್ಟೂ ಇಳಿದಿರಲಿಲ್ಲ, ಬದಲಿಗೆ ತುಸು ಏರಿತ್ತು. ಬೆಣ್ಣೆಹಣ್ಣು, ಹಾಲು, ತುಪ್ಪ ಸುಮ್ಮನೆ ಹೋಗುತ್ತದೆಯೇ? ಅದನ್ನು ಕೇಳಿ ವಿನೋದಿನಿ ಬೀಗಿದಳು. ಬೀಗಬಾರದಿತ್ತು ಎನ್ನಲು ನಾವು ಯಾರು?

ಕೋಕಿಲಾ ಒಮ್ಮೆ ಬಂದವಳು ಹಿಂಜರಿಯುತ್ತಲೇ ಹೇಳಿದಳು. "ವಿನೋದಿನಿ ಅವ್ರೇ, ತಪ್ಪು ತಿಳ್ಕೋಬೇಡಿ. ಇಷ್ಟು ದಿನ ಆಯ್ತಲ್ಲ, ಒಂದ್ಸಲ ಇಎನ್‌ಟಿ ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ಅವ್ರು ಟಾರ್ಚ್ ಹಾಕಿ ನೋಡಿ ಏನು ಬರೀತಾರೋ ಅದನ್ನೇ ನಾನು ಕೊಡ್ತಾ ಇರೋದು," ಎಂದಳು ವಿನೋದಿನಿ. ಮಾತು ಸ್ವಲ್ಪ ಚುರುಕಾಗಿಯೇ ಬಂತು. ಕಷಾಯ ಕಳಿಸಿದವಳು ನನಗೆ ಗಂಟಲಿನ ಪಾಠ ಹೇಳುತ್ತಾಳೆ ಎಂದು ಒಳಗೇ ಉರಿದುಕೊಂಡಳು. ಕೋಕಿಲಾ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು.

ಚಿನ್ಮಯಿ ಈಗ ನೈವಾಶಾ ಕಡೆಯ ಬೋರ್ಡಿಂಗ್ ಶಾಲೆಯಲ್ಲಿ ಓದುತ್ತಿದ್ದಳು. ಆಗಸ್ಟ್ ರಜೆಗೆ ಮನೆಗೆ ಬಂದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಬ್ಯಾಗು ಹೆಗಲಿನಿಂದ ಇಳಿಸುವ ಮೊದಲೇ ಅಪ್ಪನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮಾ, ಲುಕ್ ಅಟ್ ಹಿಸ್ ನೆಕ್."

ವಿನೋದಿನಿ ನೋಡಿದಳು. ದಿನವೂ ಬೆರಳಿಟ್ಟ ಕುತ್ತಿಗೆ. ಆದರೆ ಅಷ್ಟು ದೂರದಿಂದ, ಮಗಳು ನಿಂತ ಜಾಗದಿಂದ ನೋಡಿರಲಿಲ್ಲ. ಬಲಗಡೆಗೆ ಅಂಗಿಯ ಕಾಲರು ಎತ್ತಿಕೊಂಡು ನಿಂತಿತ್ತು. ಕುತ್ತಿಗೆ ಒಂದು ಪಕ್ಕಕ್ಕೆ ಬೇರೆ ಯಾರದೋ ಕುತ್ತಿಗೆಯಂತೆ ಉಬ್ಬಿತ್ತು. ಮಗಳು ಇನ್ನೇನೋ ಕೇಳುತ್ತಿದ್ದಳು, ವಿನೋದಿನಿಗೆ ಕೇಳಿಸಲಿಲ್ಲ. ಮಾರನೆಯ ದಿನವೇ ಮೂವರೂ ಟ್ಯಾಕ್ಸಿ ಹತ್ತಿದರು.

ಡಾಕ್ಟರ್ ಮುತೋನಿ ನಲವತ್ತರ ಆಸುಪಾಸಿನ ಹೆಂಗಸು, ಮೆಲುದನಿಯವರು. ಗಂಟಲಿಗೆ ಕನ್ನಡಿ ಬಿಟ್ಟು ನೋಡಿದರು, ಕೈಗವಸು ಹಾಕಿ ಟಾನ್ಸಿಲನ್ನು ಮುಟ್ಟಿ ನೋಡಿದರು. ಜರ್ದಾ, ಸಿಗರೇಟು ಏನಾದರೂ ಉಂಟೇ ಎಂದು ಕೇಳಿದರು. ವಿನೋದಿನಿ ಆ ಪ್ರಶ್ನೆಯನ್ನು ಬಂದವರಿಗೆಲ್ಲ ಕೇಳಿದ್ದಳು, ಮನೆಯ ರೋಗಿಗೆ ಮಾತ್ರ ಕೇಳಿರಲಿಲ್ಲ. ಕೊನೆಗೆ ಡಾಕ್ಟರು ಕುತ್ತಿಗೆ ಒತ್ತಿದರು. ನೋವಾಗುತ್ತದೆಯೇ ಎಂದು ಅವರು ಕೇಳಲೇ ಇಲ್ಲ. ಕೈಗವಸು ಕಳಚಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಎದೆಯ ಚಿತ್ರವೂ ಬೇಕು ಎಂದರು.

ಫಲಿತಾಂಶ ಬಂದ ದಿನ ಅವಳೊಬ್ಬಳನ್ನೇ ಒಳಗೆ ಕೂರಿಸಿಕೊಂಡರು. ಕ್ಯಾನ್ಸರ್. ಟಾನ್ಸಿಲಿನಲ್ಲಿ ಹುಟ್ಟಿ ಕುತ್ತಿಗೆಗೆ ಇಳಿದು ಶ್ವಾಸಕೋಶಕ್ಕೂ ಹೋಗಿದೆ. ಹೇಳುವುದನ್ನು ನೇರವಾಗಿ ಹೇಳಿದ ಮೇಲೆ ಡಾಕ್ಟರು ಕಾಗದಗಳನ್ನು ಪಕ್ಕಕ್ಕಿಟ್ಟರು.

"ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ," ಎಂದರು ಇಂಗ್ಲಿಷಿನಲ್ಲಿ. "ಇಷ್ಟಾದವರು ಸಾಮಾನ್ಯವಾಗಿ ತಿಂಗಳುಗಳ ಹಿಂದೆಯೇ ಏನೂ ನುಂಗಲಾಗದೆ, ಒಣಗಿಹೋಗಿ ನನ್ನ ಹತ್ತಿರ ಬರುತ್ತಾರೆ. ಇವರು ಇಷ್ಟು ದಿನ ಹೇಗೆ ಊಟ ಮಾಡುತ್ತಿದ್ದರು?"

ವಿನೋದಿನಿಯ ಬೆನ್ನು ನೆಟ್ಟಗಾಯಿತು. ಹಳೆಯ ಅಭ್ಯಾಸ, ರೌಂಡ್ಸಿಗೆ ಬಂದ ಡಾಕ್ಟರು ಕೇಳಿದಾಗ ಸಿಸ್ಟರ್ ಹೇಳಬೇಕು. "ನಾನು ನರ್ಸು. ನೋವಿನ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುತ್ತಿದ್ದೆ. ಆಹಾರ ತಣ್ಣಗೆ, ಮಂದವಾಗಿ. ತಲೆ ಎಡಕ್ಕೆ ವಾಲಿಸಿ..." ಎಂದು ಶುರುಮಾಡಿದಳು. ಆ ವಾಕ್ಯ ಮುಗಿಯಲಿಲ್ಲ. ತಾನು ಏನು ಹೇಳುತ್ತಿದ್ದೇನೆ ಎಂಬುದು ಅರ್ಧದಲ್ಲಿ ಹೊಳೆಯಿತು. ಅವನಿಗೆ ಮೇ ತಿಂಗಳಲ್ಲೇ ಅನ್ನ ಸಿಕ್ಕಿಕೊಳ್ಳಬೇಕಾಗಿತ್ತು. ಜೂನಿನಲ್ಲಿ ಸಣಕಲಾಗಬೇಕಾಗಿತ್ತು. ಕಂಡವರೆಲ್ಲ ಏನಾಯಿತು ಎಂದು ಕೇಳಬೇಕಾಗಿತ್ತು. ಹಾಗಾಗದಂತೆ ನೋಡಿಕೊಂಡವಳು ಅವಳೇ.

ಡಾಕ್ಟರ್ ಮುತೋನಿ ಮೇಜಿನಾಚೆಯಿಂದ ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. "ಪೋಲೆ," ಎಂದರು ಅಷ್ಟೆ. ಇಲ್ಲಿನ ಜನ ಎಡವಿದವರಿಗೂ ಅದನ್ನೇ ಹೇಳುತ್ತಾರೆ, ಗಂಡನನ್ನು ಕಳೆದುಕೊಂಡವರಿಗೂ ಅದನ್ನೇ.

ಬೆಂಗಳೂರಿನಲ್ಲಿದ್ದ ಭಾವ ವರದಿಗಳನ್ನು ಅಲ್ಲಿನ ದೊಡ್ಡ ಡಾಕ್ಟರಿಗೆ ತೋರಿಸಿದರು. ಅವರೂ ಅದನ್ನೇ ಹೇಳಿದರು. ಬೇಕಾದರೆ ಬನ್ನಿ, ಆದರೆ ಅಲ್ಲಿ ಮಾಡುವುದನ್ನೇ ಇಲ್ಲೂ ಮಾಡುತ್ತೇವೆ. ಕೃಷ್ಣಪ್ರಸಾದ ಹೊರಡಲು ಒಪ್ಪಲಿಲ್ಲ. "ಚಿನ್ಮಯಿ ಪರೀಕ್ಷೆ ಮುಗೀಲಿ. ನಡುವೆ ಅವಳನ್ನ ಎಬ್ಬಿಸ್ಕೊಂಡು ಎಲ್ಲಿಗೆ ಹೋಗೋದು?" ಎಂದ. ನೋವು ತಗ್ಗಲೆಂದು ಕೆಲವು ದಿನ ರೇಡಿಯೇಶನ್ನಿನ ಕರೆಂಟು ಕೊಡಿಸಿದರು. ಆಮೇಲೆ ಮನೆ. ಕಾರ್ಖಾನೆಯವರು ಒಳ್ಳೆಯವರು, ಫ್ಲಾಟಿನಲ್ಲೇ ಇರಿ ಎಂದರು.

ಮಂಚದ ಕೆಳಗಿದ್ದ ರಟ್ಟಿನ ಪೆಟ್ಟಿಗೆಯನ್ನು ವಿನೋದಿನಿ ಒಂದು ಬೆಳಗ್ಗೆ ಎಳೆದು ತಂದು ಕಸದ ಗಾಡಿಗೆ ಹಾಕಿಸಿದಳು. ಫೋನು ಬಂದರೆ ಎತ್ತುತ್ತಿರಲಿಲ್ಲ. ಒಮ್ಮೆ ಯಾರೋ ಪಾಪ, ಏನೂ ತಿಳಿಯದವರು, ಮಗುವಿಗೆ ಗಂಟಲು ನೋವೆಂದು ಬಾಗಿಲಿಗೇ ಬಂದರು. "ಡಾಕ್ಟ್ರ ಹತ್ರ ಹೋಗಿ. ಇವತ್ತೇ ಹೋಗಿ," ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಬಂದು ಸ್ಟೂಲನ್ನು ಬಾಲ್ಕನಿಗೆ ಎತ್ತಿಟ್ಟಳು.

ಆದರೆ ಕೈ ಸುಮ್ಮನಿರಲಿಲ್ಲ, ಅದಕ್ಕೆ ಗೊತ್ತಿದ್ದುದು ಅದೊಂದೇ. ಬಾಯಿಯ ಹುಣ್ಣನ್ನು ಹತ್ತಿಯಿಂದ ಒರೆಸುವುದು, ತುಟಿಗೆ ತುಪ್ಪ, ಬೆನ್ನಿಗೆ ದಿಂಬು. ತಣ್ಣನೆಯ ಉಜಿಯನ್ನು ಈಗ ಚಹಾ ಚಮಚದಲ್ಲಿ ಕೊಡಬೇಕಾಗಿತ್ತು. ಒಂದು ಬಟ್ಟಲಿಗೆ ಒಂದು ಗಂಟೆ. ಮರ್ಸಿ ಬಂದು ಬಾಗಿಲಲ್ಲಿ ನಿಂತು "ಪೋಲೆ ಸಾನಾ, ಬಾಬಾ," ಎಂದರೆ ಅವನು ಕೈಯೆತ್ತಿ ನಗುತ್ತಿದ್ದ. ಆಸ್ಪತ್ರೆಯಿಂದ ಮಾರ್ಫಿನ್ನಿನ ಬಾಟಲಿ ಬಂದಿತ್ತು, ನೀರಿನಂಥ ಕಹಿ ಔಷಧ. ಹೊತ್ತು ಹೊತ್ತಿಗೆ ಕೊಡಬೇಕು, ನಡುವೆ ನೋವು ಬಂದರೆ ಇನ್ನೊಂದಿಷ್ಟು ಕೊಡಬಹುದು ಎಂದು ಡಾಕ್ಟರು ಹೇಳಿದ್ದರು. ನಡುವೆ ಅವಳು ಕೇಳಿದಾಗಲೆಲ್ಲ ಅವನು ನೋವಿಲ್ಲ ಎನ್ನುತ್ತಿದ್ದ. ಅವಳು ಬಾಟಲಿಯನ್ನು ಹಾಗೇ ಇಡುತ್ತಿದ್ದಳು.

ಅಕ್ಟೋಬರಿನಲ್ಲಿ ಬೀದಿಯ ಜಕರಂಡಾ ಮರಗಳು ನೀಲಿ ಹೂ ಬಿಟ್ಟವು. ಕಿಟಕಿಯಿಂದ ಕಾಣುವಂತೆ ಮಂಚ ಸರಿಸಿಕೊಟ್ಟಿದ್ದಳು. ಒಂದು ಮಧ್ಯಾಹ್ನ ಅವನ ತಲೆಗೂದಲು ಬಾಚುತ್ತಾ, ಅಷ್ಟು ದಿನದಿಂದ ಎದೆಯಲ್ಲಿ ಕುದಿಯುತ್ತಿದ್ದುದನ್ನು ಆಡಿಬಿಟ್ಟಳು.

"ರೀ, ಒಂದು ಮಾತು. ನಾನು ಅಹಂಕಾರದಲ್ಲಿ ಕೆಟ್ಟೆ, ಒಪ್ಕೋತೀನಿ. ಕೋಕಿಲಾ ಹೇಳಿದಾಗ್ಲೇ ಹೋಗ್ಬೇಕಿತ್ತು. ಆದ್ರೆ ಆ ಗಂಟು... ದಿನಾ ಒತ್ತಿ ಕೇಳ್ತಿದ್ದೆ, ದಿನಾ ನೋಯತ್ತೆ ಅಂತಿದ್ರಿ. ನೋಯೋ ಗಂಟಿಗೆ ಹೆದರಬೇಡ ಅಂತ ನನಗೆ ಕಲಿಸಿದ್ರು. ಕಲಿಸಿದ್ದೇ ತಪ್ಪಾ? ನನಗೆ ಅದೊಂದು ತಿಳೀತಿಲ್ಲ."

ಕೃಷ್ಣಪ್ರಸಾದ ಅವಳ ಬಾಚುವ ಕೈಯನ್ನು ಹಿಡಿದು ನಿಲ್ಲಿಸಿದ. ಆಗಲೇ ಅವನ ದನಿ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ದನಿಯಂತಾಗಿತ್ತು, ಒಂದೊಂದು ಮಾತಿಗೂ ತ್ರಾಸ.

"ಕಲಿಸಿದ್ದು ತಪ್ಪಲ್ಲ," ಎಂದ. "ನೋಯ್ತಿರ್ಲಿಲ್ಲ, ವಿನು."

"ಏನಂದ್ರಿ?"

"ಯುಗಾದೀಲಿ ನೋಯ್ತಿತ್ತು. ಆಮೇಲೆ ಇಲ್ಲ. ಒಂದಿನ ಇಲ್ಲ ಅಂದೆ. ನಿನ್ನ ಮುಖ ಬಿಳಿಚ್ಕೊಳ್ತು, ನೋಡಕ್ಕಾಗ್ಲಿಲ್ಲ. ಹೌದು ಅಂದೆ. ನಿನಗೆ ಜೀವ ಬಂತು. ಅದಕ್ಕೇ ದಿನಾ ಹಾಗೇ ಅಂದೆ." ಉಗುಳು ನುಂಗಲು ನಿಂತ. ಅವಳು ಯೋಚಿಸದೆಯೇ ಅವನ ಗಲ್ಲ ತಗ್ಗಿಸಿ ಹಿಡಿದಳು. ಅದು ಇಳಿಯಿತು. "ನೋಯದೇ ಇದ್ರೆ ಒಳ್ಳೇದೇ ಅಲ್ವಾ, ಸುಮ್ನೆ ಒಂದು ಸುಳ್ಳು ಹೇಳಿದ್ರೆ ಏನಾಯ್ತು ಅಂದ್ಕೊಂಡೆ. ಈ ಊರಿಗೆ ಬಂದ್ಮೇಲೆ ನೀನು ಅಷ್ಟು ಖುಷಿಯಾಗಿದ್ದು ನಾನು ನೋಡೇ ಇರ್ಲಿಲ್ಲ."

ವಿನೋದಿನಿಗೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಬಾಚಣಿಗೆಯನ್ನು ನೆಲಕ್ಕೆ ಎಸೆದಳು. "ಬುದ್ಧಿ ಬೇಡ್ವಾ ನಿಮಗೆ?" ಎಂದಳು, ಸ್ಟೂಲಿನ ಮೇಲೆ ಕೂತವರಿಗೆಲ್ಲ ಹೇಳಿದ ಹಾಗೆಯೇ. "ಬುದ್ಧಿ ಬೇಡ್ವೇನ್ರೀ?" ಎಂದು ಎರಡನೆಯ ಸಲ ಹೇಳುವಷ್ಟರಲ್ಲಿ ದನಿ ಒಡೆಯಿತು. ಚಪ್ಪೆ ಕಾಫಿಯನ್ನೂ ಚೆನ್ನಾಗಿದೆ ಎನ್ನುವ ಗಂಡನ ಮಾತನ್ನೇ ನಿಜ ಎಂದು ನಂಬಿದ ತನಗೆ ಇದೆಯೇ ಬುದ್ಧಿ? ಮಂಚದ ಅಂಚಿಗೆ ಕೂತು ಅವನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ಅವನು ಅವಳ ಬೆರಳುಗಳನ್ನು ಸವರುತ್ತಿದ್ದ. ಹೊರಗೆ ಹಡಾಡಾ ಹಕ್ಕಿಗಳು ಕಿರಿಚಿಕೊಂಡು ಹಾರಿಹೋದವು.

ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಬಂದಳು. ಬಾಚಣಿಗೆ ಎತ್ತಿಟ್ಟಳು. ಎಷ್ಟೋ ದಿನಗಳ ನಂತರ ಅವನನ್ನು ಗಂಡನೆಂದಲ್ಲ, ವಾರ್ಡಿನ ರೋಗಿ ಎಂದು ಬಾಗಿಲಿನ ಹತ್ತಿರದಿಂದ, ಮಗಳು ನಿಂತು ನೋಡಿದ್ದಷ್ಟೇ ದೂರದಿಂದ ನೋಡಿದಳು. ಹುಬ್ಬುಗಳ ನಡುವೆ ಗೆರೆ. ದವಡೆ ಬಿಗಿದಿತ್ತು. ಎಡಗೈ ಹೊದಿಕೆಯ ಅಂಚನ್ನು ಹಿಂಡಿ ಹಿಡಿದಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು.

"ನೋವಿದೆಯಾ?" ಎಂದು ಕೇಳಿದಳು.

"ಇಲ್ಲ," ಎಂದ ಅವನು, ಮತ್ತು ಅವಳಿಗಾಗಿ ನಕ್ಕ.

ಹಿಂದಿನ ವಾರಗಳಲ್ಲಿ ಕೇಳಿದ ಅಷ್ಟೂ 'ಇಲ್ಲ'ಗಳು ಅವಳ ಕಿವಿಯಲ್ಲಿ ಒಟ್ಟಿಗೆ ಕೇಳಿಸಿದವು. ಹೋಗಿ ಬಾಟಲಿ ತಂದಳು. ಡಾಕ್ಟರು ಹೇಳಿದ್ದಷ್ಟನ್ನು ಅಳೆದು ಚಮಚಕ್ಕೆ ಹಾಕಿಕೊಂಡು ಅವನ ತಲೆಯ ಹಿಂದೆ ಕೈ ಕೊಟ್ಟಳು.

"ಇಲ್ಲ ಅಂದ್ನಲ್ಲ, ವಿನು."

"ನಿಮ್ಮನ್ನ ಯಾರು ಕೇಳಿದ್ರು? ಬಾಯಿ ತೆಗೀರಿ."

ಅವನು ಬಾಯಿ ತೆರೆದ. ಅವಳು ಗಲ್ಲ ತಗ್ಗಿಸಿ, ತಲೆಯನ್ನು ಎಡಕ್ಕೆ ವಾಲಿಸಿ, ಗಂಟಲಮಣಿ ಮೇಲೆ ಹೋಗಿ ಕೆಳಗೆ ಬರುವವರೆಗೂ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಹೊದಿಕೆಯನ್ನು ಹಿಡಿದಿದ್ದ ಬೆರಳುಗಳು ತಾವಾಗಿಯೇ ಸಡಿಲವಾದವು. ಚಿನ್ಮಯಿಯ ಪರೀಕ್ಷೆ ಮುಗಿದ ವಾರ ಅವನು ತೀರಿಕೊಂಡ. ಅಲ್ಲಿಯವರೆಗೆ ಅವಳು ಅವನ ಕೈಯನ್ನು ನೋಡಿ ಔಷಧ ಕೊಟ್ಟಳು, ನೋಯುತ್ತದೆಯೇ ಎಂದು ಮತ್ತೊಂದು ಸಲ ಕೇಳಲಿಲ್ಲ.